ಹೊರಗೆ ಮಳೆ, ಒಳಗೆ ಮೊಬೈಲ್: ಮಲೆನಾಡಿನ ಮನೆಗಳಿಂದ ಪದೇ ಪದೇ ಕೇಳಿಬರುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಅಪ್ಪ–ಅಮ್ಮಂದಿರು, ಅಜ್ಜ–ಅಜ್ಜಿಯರು, ಮೇಷ್ಟ್ರುಗಳು ಮಕ್ಕಳ ಮೊಬೈಲು, ಆಟ, ಕಣ್ಣು, ನಿದ್ದೆಯ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಿ, ಒಂದು ಉತ್ತರಕ್ಕೆ ಇನ್ನೊಂದರ ಹಂಗಿಲ್ಲ.

ಮೊದಲ ಪ್ರಶ್ನೆಗಳು

ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ಕೊಡಬಹುದು? ಒಂದು ಲೆಕ್ಕ ಹೇಳಿಬಿಡಿ.

ಸಣ್ಣವರಿಗೆ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಐದರಿಂದ ಹತ್ತು ವರ್ಷದವರಿಗೆ 2 ಗಂಟೆಯೊಳಗೆ ಇರಲಿ ಎನ್ನುವುದು ಭಾರತದ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಅದಕ್ಕಿಂತ ದೊಡ್ಡವರಿಗೆ ಎಲ್ಲರೂ ಒಪ್ಪಿದ ಒಂದು ಸಂಖ್ಯೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ‘ಮಿತಿ ಇರಲಿ’ ಎಂದು ಹೇಳಿ ಸುಮ್ಮನಾಗಿದೆ.

ಹಾಗಾಗಿ ದೊಡ್ಡ ಮಕ್ಕಳಿಗೆ ಲೆಕ್ಕವನ್ನು ತಿರುಗಿಸಿ ಹಾಕಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ನಿದ್ದೆಗೆ ಒಂಬತ್ತೂವರೆ, ಶಾಲೆ ಮತ್ತು ಹೋಗಿಬರುವ ದಾರಿಗೆ ಎಂಟು, ಮೈ ಬೆವರುವ ಆಟಕ್ಕೆ ಒಂದು, ಓದು–ಬರಹಕ್ಕೆ ಎರಡು, ಊಟ–ಸ್ನಾನ–ಮನೆಗೆಲಸಕ್ಕೆ ಎರಡು ಗಂಟೆ ತೆಗೆದಿಡಿ. ಉಳಿಯುವುದು ಒಂದೂವರೆ ಗಂಟೆ. ಮೊಬೈಲು, ಟಿವಿ, ಸುಮ್ಮನೆ ಕೂರುವುದು ಎಲ್ಲವೂ ಅದರೊಳಗೇ ಆಗಬೇಕು. ಮೊಬೈಲು ಆ ಒಂದೂವರೆ ಗಂಟೆ ದಾಟಿ ನಿದ್ದೆಗೋ ಆಟಕ್ಕೋ ಕೈ ಹಾಕಿದ್ದರೆ ಜಾಸ್ತಿಯಾಗಿದೆ ಎಂದೇ ಅರ್ಥ. ‘ಎಷ್ಟು ಹೊತ್ತು ನೋಡಿದ’ ಎನ್ನುವುದಕ್ಕಿಂತ ‘ಅದು ಯಾವುದರ ಹೊತ್ತನ್ನು ತಿಂದಿತು’ ಎಂದು ಕೇಳಿಕೊಂಡರೆ ಹೆಚ್ಚು ತಿಳಿಯುತ್ತದೆ.

ಹೋಂವರ್ಕನ್ನೂ ವಾಟ್ಸ್ಆ್ಯಪ್‌ನಲ್ಲೇ ಕಳಿಸ್ತಾರೆ. ಅದೂ ಸ್ಕ್ರೀನ್ ಟೈಮಿಗೆ ಸೇರ್ತದಾ?

ಕಣ್ಣಿಗೂ ಕತ್ತಿಗೂ ಸೇರುತ್ತದೆ, ಮನರಂಜನೆಯ ಲೆಕ್ಕಕ್ಕೆ ಸೇರುವುದಿಲ್ಲ. ಇಲ್ಲಿ ಎಡವಟ್ಟಾಗುವುದು ಹೋಂವರ್ಕಿನಿಂದ ಅಲ್ಲ, ಹೋಂವರ್ಕ್ ನೋಡಲು ತೆರೆದ ಫೋನು ಮುಚ್ಚದೇ ಇರುವುದರಿಂದ. ಬಂದದ್ದನ್ನು ಒಮ್ಮೆ ನೋಡಿ ಪುಸ್ತಕಕ್ಕೆ ಬರೆಸಿಕೊಳ್ಳಿ, ಫೋನ್ ವಾಪಸ್ ಪಡೆಯಿರಿ. ಇದಕ್ಕೆ ಐದು ನಿಮಿಷ ಸಾಕು.

ಶಾಲೆಗೆ ಎರಡು ಕಿಲೋಮೀಟರ್ ನಡೆದೇ ಹೋಗ್ತಾನೆ. ಇನ್ನೂ ಆಟ ಬೇಕಾ?

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ಜೋರಿನ ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ 3 ದಿನ ಏದುಸಿರು ಬರುವಂಥದ್ದೂ, ಮೂಳೆ–ಸ್ನಾಯುವಿಗೆ ಕೆಲಸ ಕೊಡುವಂಥದ್ದೂ ಅದರಲ್ಲಿ ಇರಬೇಕು. ಅಳೆಯುವುದಕ್ಕೆ ಯಂತ್ರ ಬೇಡ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದಾದರೆ ಅದು ಮಧ್ಯಮ. ನಾಲ್ಕು ಪದಕ್ಕೇ ಉಸಿರು ಎಳೆದುಕೊಳ್ಳಬೇಕಾದರೆ ಅದು ಜೋರು.

ಎರಡು ಕಿಲೋಮೀಟರ್ ಚುರುಕಾಗಿ ನಡೆದರೆ ಸುಮಾರು 25 ನಿಮಿಷ. ಹೋಗಿಬರುವಾಗ ಸೇರಿ 50. ದಾರಿಯಲ್ಲಿ ಏರು ಇದ್ದರೆ ಇನ್ನೂ ಒಳ್ಳೆಯದು. ಆದರೆ ನಡಿಗೆಯಲ್ಲಿ ನೆಗೆತ ಇಲ್ಲ, ಎಳೆದಾಟ ಇಲ್ಲ. ಆದ್ದರಿಂದ ವಾರಕ್ಕೆ ಮೂರು ದಿನ ಕಬಡ್ಡಿ, ಖೋ ಖೋ, ಮರ ಹತ್ತುವ ಆಟ, ಹಗ್ಗದಾಟ ಯಾವುದಾದರೂ ಒಂದು ಇರಲಿ. ಮನೆ ಬಾಗಿಲಿಗೇ ವ್ಯಾನ್ ಬರುವ ಮಕ್ಕಳದು ಬೇರೆ ಕತೆ. ಅವರಿಗೆ 60 ನಿಮಿಷವನ್ನೂ ನೀವೇ ಹೊಂದಿಸಿಕೊಡಬೇಕು.

ಮೊಬೈಲ್ ಬೇಡ, ಟಿವಿ ಆದ್ರೆ ಪರವಾಗಿಲ್ವಾ?

ಸ್ವಲ್ಪ ವಾಸಿ. ಎರಡು–ಮೂರು ಮೀಟರ್ ದೂರ ಇರುತ್ತದೆ, ಕತ್ತು ಬಗ್ಗುವುದಿಲ್ಲ, ಏನು ನೋಡುತ್ತಿದ್ದಾರೆ ಎಂದು ಮನೆಯವರಿಗೆಲ್ಲ ಕಾಣುತ್ತದೆ. ಕೂತಲ್ಲೇ ಕೂರುವುದು ಮಾತ್ರ ಎರಡರಲ್ಲೂ ಒಂದೇ.

ಸಣ್ಣ ಮಕ್ಕಳು

ಮೊಬೈಲ್ ತೋರಿಸದೆ ಮಗಳು ಒಂದು ತುತ್ತೂ ತಿನ್ನೋದಿಲ್ಲ. ಎಂತ ಮಾಡೋದು?

ಮೊದಲು ಒಂದು ಮಾತು: ಆರೋಗ್ಯವಂತ ಮಗು ತಟ್ಟೆ ಎದುರಿಟ್ಟುಕೊಂಡು ಹಸಿದು ಕೂರುವುದಿಲ್ಲ. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ರುಚಿಯೂ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಕೆಲವರು ಕಡಿಮೆ ತಿನ್ನುತ್ತಾರೆ, ಬಹಳ ಮಂದಿ ಬೇಕಾದ್ದಕ್ಕಿಂತ ಜಾಸ್ತಿ ತಿನ್ನುತ್ತಾರೆ.

ಬಿಡಿಸುವ ಕ್ರಮ ಹೀಗಿರಲಿ. ಊಟಕ್ಕೆ ಎರಡು ಗಂಟೆ ಮೊದಲಿನಿಂದ ಬಿಸ್ಕತ್ತು, ಹಾಲು, ಕುರುಕಲು ಬೇಡ. ಊಟ ಮನೆಯವರ ಜೊತೆ, ಒಂದೇ ಜಾಗದಲ್ಲಿ, ಮಗುವಿಗೆ ಅದರದ್ದೇ ಪುಟ್ಟ ತಟ್ಟೆ. ಮೊದಲು ಬಡಿಸುವುದು ಮೂರು–ನಾಲ್ಕು ತುತ್ತು ಮಾತ್ರ. ಮುಗಿದ ಮೇಲೆ ಇನ್ನಷ್ಟು ಕೇಳಲಿ. ಕೈಯಲ್ಲಿ ಹಿಡಿಯುವಂಥದ್ದು ಒಂದು ಇರಲಿ: ಅಕ್ಕಿ ರೊಟ್ಟಿಯ ಚೂರು, ಬೇಯಿಸಿದ ಕ್ಯಾರೆಟ್, ಕಡುಬಿನ ತುಂಡು. ಇಪ್ಪತ್ತೈದು ನಿಮಿಷ ಆದ ಮೇಲೆ ಬೈಯದೆ ತಟ್ಟೆ ಎತ್ತಿಬಿಡಿ. ಮುಂದಿನ ಊಟದವರೆಗೆ ನೀರು ಮಾತ್ರ.

ಮೊದಲ ಮೂರು ದಿನ ರಂಪ ಆಗುತ್ತದೆ. ಬಹುತೇಕ ಮನೆಗಳಲ್ಲಿ ಸೋಲುವುದು ಎರಡನೇ ದಿನದ ರಾತ್ರಿ ಊಟಕ್ಕೆ. ‘ಇವತ್ತೊಂದು ದಿನ ತೋರಿಸಿಬಿಡೋಣ’ ಎಂದು ಅಜ್ಜಿ ಫೋನ್ ತೆಗೆಯುತ್ತಾರೆ. ಮಗು ಅದರಿಂದ ಕಲಿಯುವುದು ‘ಎರಡು ದಿನ ಅತ್ತರೆ ಸಿಗುತ್ತದೆ’ ಎಂಬ ಪಾಠವನ್ನು. ಆದ್ದರಿಂದ ಶುರು ಮಾಡುವ ಮೊದಲೇ ಮನೆಯವರೆಲ್ಲ ಒಂದು ಮಾತಿಗೆ ಬನ್ನಿ. ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ, ಎರಡು–ಮೂರು ಬಗೆಯ ಆಹಾರ ಬಿಟ್ಟು ಬೇರೇನನ್ನೂ ಬಾಯಿಗೆ ಇಡದಿದ್ದರೆ ಅದು ಹಟವಲ್ಲ. ಮಕ್ಕಳ ವೈದ್ಯರಿಗೆ ತೋರಿಸಿ.

ಎರಡು ವರ್ಷ ಆಯ್ತು, ಮಾತು ಬಂದಿಲ್ಲ. ಮೊಬೈಲ್‌ನಿಂದ ಆಟಿಸಂ ಬರ್ತದಂತೆ, ಹೌದಾ?

ಮೊಬೈಲಿನಿಂದ ಆಟಿಸಂ ಬರುತ್ತದೆ ಎನ್ನುವುದು ಸಾಬೀತಾಗಿಲ್ಲ. ‘ವರ್ಚುವಲ್ ಆಟಿಸಂ’ ಎಂಬ ಹೆಸರು ವಿಡಿಯೊಗಳಲ್ಲಿ ಓಡಾಡುತ್ತಿದೆ, ವೈದ್ಯಕೀಯ ಪಟ್ಟಿಯಲ್ಲಿ ಅಂಥ ಕಾಯಿಲೆ ಇಲ್ಲ. ಆದರೆ ಮಾತು ತಡವಾಗುವುದಕ್ಕೂ ಸ್ಕ್ರೀನಿಗೂ ನಂಟು ಇದೆ. ಮಗು ಮಾತು ಕಲಿಯುವುದು ಕೇಳಿಸಿಕೊಂಡು ಮಾತ್ರ ಅಲ್ಲ, ತಾನು ‘ಊಂ’ ಎಂದಾಗ ಎದುರಿನವರು ತಿರುಗಿ ‘ಏನೋ?’ ಎನ್ನುವುದರಿಂದ. ಫೋನು ತಿರುಗಿ ಕೇಳುವುದಿಲ್ಲ.

ಈ ಗುರುತುಗಳನ್ನು ನೋಡಿ: ವರ್ಷ ತುಂಬಿದರೂ ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, 16 ತಿಂಗಳಿಗೂ ಒಂದು ಪದ ಇಲ್ಲ, 24 ತಿಂಗಳಿಗೂ ‘ಅಮ್ಮ ಬಾ’ ಎಂಬಂಥ ಎರಡು ಪದದ ಜೋಡಣೆ ಇಲ್ಲ, ಬಂದಿದ್ದ ಮಾತು ನಿಂತುಹೋಗಿದೆ. ಒಂದಿದ್ದರೂ ‘ಅವರಪ್ಪನಿಗೂ ಮಾತು ತಡವಾಗಿಯೇ ಬಂದಿದ್ದು’ ಎಂದು ಕಾಯಬೇಡಿ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ತಂಡಕ್ಕೆ ಹೇಳಿಸಿದರೆ ತಪಾಸಣೆ ಉಚಿತ. ಕಿವಿ ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ, ಅದನ್ನು ಬಿಟ್ಟುಬಿಡುವವರೇ ಜಾಸ್ತಿ. ಅದರ ಜೊತೆಗೆ ಸ್ಕ್ರೀನ್ ಪೂರ್ತಿ ನಿಲ್ಲಿಸಿ. ಸ್ನಾನ ಮಾಡಿಸುವಾಗ, ದನಕ್ಕೆ ಹುಲ್ಲು ಹಾಕುವಾಗ ಮಾಡುತ್ತಿರುವುದನ್ನೇ ಸಣ್ಣ ಸಣ್ಣ ವಾಕ್ಯದಲ್ಲಿ ಹೇಳುತ್ತಾ ಇರಿ.

ಮೊಮ್ಮಗ ಬೆಂಗಳೂರಲ್ಲಿ. ದಿನಾ ವಿಡಿಯೊ ಕಾಲ್‌ನಲ್ಲಿ ಮಾತಾಡಿಸ್ತೇನೆ. ಅದೂ ತಪ್ಪಾ?

ತಪ್ಪಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೂ ಇದೊಂದಕ್ಕೆ ವಿನಾಯಿತಿ ಇದೆ. ಅತ್ತ ಕಡೆ ನೀವಿದ್ದೀರಿ, ಕೇಳಿದ್ದಕ್ಕೆ ಉತ್ತರ ಕೊಡುತ್ತೀರಿ. ಮಾತು ಮುಗಿದ ಮೇಲೆ ಫೋನು ಮಗುವಿನ ಕೈಯಲ್ಲೇ ಉಳಿಯದಂತೆ ಸೊಸೆಗೆ ಹೇಳಿ.

ಮಳೆ, ಅಂಗಳ, ಕಾಡು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡೋ ಹಾಗಿಲ್ಲ. ಮಕ್ಕಳು ಎಲ್ಲಿ ಓಡಬೇಕು?

ಮಲೆನಾಡಿನ ಮಕ್ಕಳ ಸ್ಕ್ರೀನಿನ ಸಮಸ್ಯೆ ಹುಟ್ಟುವುದೇ ಇಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲಿ. ‘ಮಳೆ ಬಿಡಲಿ’ ಎಂದು ಕೈಗಿಟ್ಟ ಮೊಬೈಲು ಮಳೆ ಬಿಟ್ಟ ಮೇಲೂ ಕೈ ಬಿಡುವುದಿಲ್ಲ. ಹಾಗಾಗಿ ಮಳೆಗಾಲಕ್ಕೆ ಸೌದೆ ಒಟ್ಟುವ ಹಾಗೆ ಆಟಕ್ಕೂ ಮೇ ತಿಂಗಳಲ್ಲೇ ತಯಾರಿ ಮಾಡಿಕೊಳ್ಳಬೇಕು.

ಬೇಕಾದ ಸಾಮಾನು ಕಡಿಮೆ: ಮಗುವಿನ ಅಳತೆಯ ಸ್ಕಿಪ್ಪಿಂಗ್ ಹಗ್ಗ (ನಡುವನ್ನು ಮೆಟ್ಟಿ ನಿಂತರೆ ಹಿಡಿಗಳು ಕಂಕುಳಿಗೆ ಬರಬೇಕು), ಸೀಮೆಸುಣ್ಣ, ಬಟ್ಟೆ ಚೆಂಡು, ಒಂದು ದಪ್ಪ ಗೋಣಿ ಅಥವಾ ಜಮಖಾನ. ಜಾಗಕ್ಕೆ ಜಗಲಿ ಸಾಕು. ಆರು ವರ್ಷ ದಾಟಿದವರಿಗೆ ಅರ್ಧ ಗಂಟೆಯ ಒಂದು ಕ್ರಮ ಹೀಗಿದೆ:

ಮೂರು ನಿಮಿಷ ನಿಂತಲ್ಲೇ ನಡಿಗೆ, ಮಂಡಿ ಎತ್ತಿ. ಆಮೇಲೆ ಹಗ್ಗದಾಟ: 30 ಸೆಕೆಂಡ್ ಜಿಗಿತ, 30 ಸೆಕೆಂಡ್ ವಿರಾಮ, ಹತ್ತು ಸಲ. ನಂತರ ಬಸ್ಕಿ ಹತ್ತರಂತೆ ಮೂರು ಸುತ್ತು, ಗೋಡೆಗೆ ಕೈಕೊಟ್ಟು ದಂಡ ಹತ್ತರಂತೆ ಎರಡು ಸುತ್ತು. ಸೂರ್ಯನಮಸ್ಕಾರ ಆರು. ಉಳಿದ ಎಂಟು–ಹತ್ತು ನಿಮಿಷ ಕುಂಟಾಬಿಲ್ಲೆ. ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳಿದ್ದರೆ ಹತ್ತು ನಿಮಿಷದ ಧಿಗಿಣಕ್ಕೆ ಯಾವ ವ್ಯಾಯಾಮವೂ ಸಮ ಬಾರದು. ಇದೇ ಕ್ರಮ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆದರೆ ದಿನದ ಲೆಕ್ಕ ಮುಗಿಯಿತು.

ತಪ್ಪುವುದು ಎಲ್ಲಿ? ಒಂದು, ಕಾವಿ ನೆಲ ಮಳೆಗಾಲದಲ್ಲಿ ಬೆವರುತ್ತದೆ. ಕಾಲುಚೀಲ ಹಾಕಿಕೊಂಡು ಕುಣಿದರೆ ಜಾರುವುದು ಖಚಿತ. ಬರಿಗಾಲೇ ಸರಿ, ಆದರೆ ಹಗ್ಗದಾಟ ಮಾತ್ರ ಗೋಣಿಯ ಮೇಲೆ, ಅದೂ ಸರಿಯದಂತೆ ಗೋಡೆಗೆ ತಾಗಿಸಿ ಹಾಸಿ. ಗಟ್ಟಿ ಸಿಮೆಂಟಿನ ಮೇಲೆ ದಿನವೂ ಬರಿಗಾಲಲ್ಲಿ ನೂರಾರು ಸಲ ಜಿಗಿದರೆ ಮೊಣಕಾಲಿನ ಕೆಳಗಿನ ಮೂಳೆ ನೋಯತೊಡಗುತ್ತದೆ. ಎರಡು, ಮೊದಲ ದಿನವೇ ಎಲ್ಲವನ್ನೂ ಮಾಡಿಸಿ ಮರುದಿನ ಮೈಕೈ ನೋವಿಗೆ ಬಿಟ್ಟುಬಿಡುವುದು. ಮೊದಲ ವಾರ ಅರ್ಧದಷ್ಟು ಸಾಕು. ಮೂರು, ಅಪ್ಪ ಕುರ್ಚಿಯಲ್ಲಿ ಕೂತು ‘ಮಾಡು, ಮಾಡು’ ಎನ್ನುವುದು. ಹಗ್ಗದ ಇನ್ನೊಂದು ತುದಿ ಹಿಡಿಯುವವರು ಬೇಕು.

ಮಳೆ ಹೊಳವಾದ ಕೂಡಲೆ ಮಾತ್ರ ಎಲ್ಲ ಬಿಟ್ಟು ಹೊರಗೆ ಕಳಿಸಿ. ನೆನೆದರೆ ಶೀತವಾಗುತ್ತದೆ ಎನ್ನುವ ಭಯ ಅರ್ಧ ಸುಳ್ಳು. ನೆಗಡಿ ತರುವುದು ವೈರಸ್ಸು. ಮಳೆಗಾಲದಲ್ಲಿ ಎಲ್ಲರೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒತ್ತಾಗಿ ಕೂರುವುದರಿಂದ ಅದು ಸುಲಭವಾಗಿ ಹರಡುತ್ತದೆ. ಓಡಾಡುತ್ತಿರುವ ಮಗು ಅರ್ಧ ಗಂಟೆ ನೆನೆದರೆ ಏನೂ ಆಗದು. ಒಳಬಂದ ಕೂಡಲೆ ಒಣ ಬಟ್ಟೆ, ಬೆರಳ ಸಂದು ಒರೆಸುವುದು (ಇಲ್ಲದಿದ್ದರೆ ಅಲ್ಲಿ ಕೊಳೆತು ತುರಿಕೆ ಶುರು), ಇಂಬಳ ಕಚ್ಚಿದೆಯೇ ಎಂದು ಕಾಲು ನೋಡುವುದು. ಕಚ್ಚಿದ್ದರೆ ಹೆದರುವುದೇನಿಲ್ಲ. ಉಗುರಿನಿಂದ ಬಾಯಿಯ ಕಡೆ ಮೆಲ್ಲನೆ ಬಿಡಿಸಿ, ಸೋಪಿನಲ್ಲಿ ತೊಳೆದು, ಬಟ್ಟೆ ಒತ್ತಿಹಿಡಿಯಿರಿ. ಗುಡುಗು–ಸಿಡಿಲಿದ್ದಾಗ ಬಯಲಿಗೂ ಮರದಡಿಗೂ ಬೇಡ. ತುಂಬಿದ ಹಳ್ಳ, ಕೆರೆಯ ಹತ್ತಿರ ದೊಡ್ಡವರಿಲ್ಲದೆ ಯಾವಾಗಲೂ ಬೇಡ.

ಕೊಯ್ಲಿನ ಹೊತ್ತಿಗೆ ಅಂಗಳ ತುಂಬ ಅಡಿಕೆ. ಕೆಲಸ ಮಾಡಿದ್ರೆ ವ್ಯಾಯಾಮ ಅಲ್ವಾ?

ಕೆಲವು ಹೌದು. ಬುಟ್ಟಿ ಹೊರುವುದು, ಸೋಗೆ ಎಳೆಯುವುದು, ಹರವಿದ ಅಡಿಕೆಯನ್ನು ಸಂಜೆ ಬಾಚಿ ಒಳಗೆ ಸಾಗಿಸುವುದು ಒಳ್ಳೆಯ ಚಟುವಟಿಕೆ. ಭಾರ ಮಗುವಿನ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಬೇಡ. ಅಡಿಕೆ ಸುಲಿಯುವುದು ಮಾತ್ರ ಕೂತು ಮಾಡುವ ಕೆಲಸ, ಮೆಟ್ಟುಗತ್ತಿಯ ಅಪಾಯ ಬೇರೆ. ಅದನ್ನು ಆಟದ ಲೆಕ್ಕಕ್ಕೆ ಹಾಕಬೇಡಿ. ಔಷಧಿ ಹೊಡೆಯುವ ಹತ್ತಿರವೂ ಮಕ್ಕಳು ಬೇಡ.

ಕಾಡಂಚಿನಲ್ಲಿ ಆಡೋಕೆ ಬಿಟ್ರೆ ಮಂಗನ ಕಾಯಿಲೆ ಬಂದ್ರೆ?

ಭಯಕ್ಕೆ ಕಾರಣ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಈ ವೈರಸ್ಸು ಮೊದಲು ಪತ್ತೆಯಾದದ್ದು. ಆದರೆ ಇದಕ್ಕೆ ಕಾಲ ಇದೆ, ಜಾಗ ಇದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಇದನ್ನು ಹರಡುವ ಮರಿ ಉಣುಗು ಹೆಚ್ಚಿರುವಾಗ, ಅಪಾಯ ಜಾಸ್ತಿ. ಮಂಗ ಸತ್ತ ಸುದ್ದಿ ಇರುವ ಕಡೆ, ತರಗೆಲೆ ರಾಶಿಯಲ್ಲಿ, ದನ ಮೇಯುವ ಕಾಡಂಚಿನಲ್ಲಿ ಆ ತಿಂಗಳುಗಳಲ್ಲಿ ಮಕ್ಕಳು ಆಡುವುದು ಬೇಡ. ಶಾಲೆಯ ಮೈದಾನ, ಕೊಯ್ಲಾದ ಗದ್ದೆ, ಗುಡಿಸಿದ ಅಂಗಳ ಸಾಕು.

ಕಾಡು ದಾಟಿ ಶಾಲೆಗೆ ಹೋಗಬೇಕಾದವರು ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಹೇಳಿದ ಕ್ರಮದಲ್ಲಿ ಹಚ್ಚಿಕೊಳ್ಳಬೇಕು. ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ, ಕಂಕುಳು, ತೊಡೆಸಂದು, ಕಿವಿ ಹಿಂದೆ ಉಣುಗು ಹುಡುಕುವುದು. ಸಿಕ್ಕರೆ ಬೆರಳಲ್ಲಿ ಹಿಚುಕಬೇಡಿ. ಚಿಮಟಿಗೆಯಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದನ್ನು ಹೇಳಿ. ಸತ್ತ ಮಂಗವನ್ನು ಯಾರೂ ಮುಟ್ಟಬಾರದು, ಆರೋಗ್ಯ ಇಲಾಖೆಗೆ ತಿಳಿಸಬೇಕು.

ಕಣ್ಣು, ಕತ್ತು, ನಿದ್ದೆ, ತೂಕ

ಏಳನೇ ಕ್ಲಾಸಿಗೇ ಕನ್ನಡಕ ಬಂತು. ಮೊಬೈಲಿಂದಲೇ ಅಲ್ವಾ? ಬ್ಲೂ ಕಟ್ ಗ್ಲಾಸ್ ಹಾಕಿಸಿದ್ರೆ ಸಾಕಾ?

ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿಗೆ ಮೂರು ಕಾರಣಗಳು ಕೂಡುತ್ತವೆ: ವಂಶ, ಹತ್ತಿರದ ಕೆಲಸ, ಹಗಲ ಬೆಳಕಿನ ಕೊರತೆ. ಮೊಬೈಲು ಎರಡನೆಯದನ್ನು ಹೆಚ್ಚಿಸುತ್ತದೆ, ಮೂರನೆಯದನ್ನೂ ಹೆಚ್ಚಿಸುತ್ತದೆ. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದಿದರೂ ಆಗುವುದು ಇದೇ. ಬ್ಲೂ ಕಟ್ ಕನ್ನಡಕ ಸಮೀಪದೃಷ್ಟಿಯನ್ನು ತಡೆಯುವುದಿಲ್ಲ, ಕಣ್ಣಿನ ಆಯಾಸವನ್ನು ಗಮನಾರ್ಹವಾಗಿ ಇಳಿಸುತ್ತದೆ ಎಂಬುದಕ್ಕೂ ಗಟ್ಟಿ ಆಧಾರ ಇಲ್ಲ. ಆ ದುಡ್ಡು ಉಳಿಸಿ.

ಕೆಲಸ ಮಾಡುವುದು ಹಗಲಿನ ಬೆಳಕು. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಸಮಯ ಕೊಟ್ಟು ಮೂರು ವರ್ಷ ನೋಡಿದರು. ಹಾಗೆ ಆಡಿದ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಶೇ 30.4 ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಶೇ 39.5 ಮಕ್ಕಳಿಗೆ. ಪ್ರಖರ ಬೆಳಕಿಗೆ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚಿ, ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದನ್ನು ಅದು ತಡೆಯುತ್ತದೆ ಎನ್ನುವುದು ಸದ್ಯದ ವಿವರಣೆ. ದಿನಕ್ಕೆ 2 ಗಂಟೆ ಹೊರಗೆ ಇರುವುದು ಗುರಿ. ಬಿಸಿಲೇ ಬೇಕೆಂದಿಲ್ಲ. ಮೋಡದ ದಿನವೂ ಹೊರಗಿನ ಬೆಳಕು ಸಾವಿರಾರು ಲಕ್ಸ್ (ಬೆಳಕನ್ನು ಅಳೆಯುವ ಮಾನ). ಕೋಣೆಯೊಳಗೆ 300–500 ಇದ್ದರೆ ಹೆಚ್ಚು. ನಮ್ಮ ಹಳೆಯ ಹೆಂಚಿನ ಮನೆಗಳ ನಡುಮನೆಯಲ್ಲಂತೂ ಮಟಮಟ ಮಧ್ಯಾಹ್ನವೂ ದೀಪ ಬೇಕು. ಮಳೆಗಾಲದಲ್ಲಿ ಓದುವುದಕ್ಕೂ ತಿಂಡಿಗೂ ಜಗಲಿಯ ಹೊರ ಅಂಚಿನಲ್ಲಿ ಕೂರಿಸಿ, ಮುಖ ತೋಟದ ಕಡೆಗಿರಲಿ.

ಹತ್ತಿರದ ಕೆಲಸಕ್ಕೆ 20–20–20 ಕ್ರಮ: 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನದನ್ನು 20 ಸೆಕೆಂಡ್ ನೋಡುವುದು. ಫೋನು, ಪುಸ್ತಕ ಕಣ್ಣಿನಿಂದ ಒಂದೂಕಾಲು ಅಡಿಯಾದರೂ ದೂರ ಇರಲಿ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಉರಿ–ಒಣಗು ಅದರಿಂದ. ಬಂದ ಕನ್ನಡಕವನ್ನು ಹಾಕದೇ ಬಿಟ್ಟರೆ ನಂಬರು ಇಳಿಯುತ್ತದೆ ಎಂದು ನಂಬಿದವರಿದ್ದಾರೆ. ಇಳಿಯುವುದಿಲ್ಲ, ಬೋರ್ಡ್ ಕಾಣದೆ ಪಾಠ ತಪ್ಪುತ್ತದೆ ಅಷ್ಟೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ರಾತ್ರಿ ಹನ್ನೆರಡಾದ್ರೂ ಮಲಗೋದಿಲ್ಲ, ಬೆಳಿಗ್ಗೆ ಎಬ್ಬಿಸೋಕೆ ಆಗೋದಿಲ್ಲ.

ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ಒಂದಷ್ಟು ಹಿಂದೆ ಬೀಳುತ್ತದೆ, ಅದು ಸೋಮಾರಿತನ ಅಲ್ಲ. ಅದರ ಮೇಲೆ ಸ್ಕ್ರೀನಿನ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಸ್ರಾವವನ್ನು ಇನ್ನೂ ಮುಂದೂಡುತ್ತದೆ. ‘ಇನ್ನೊಂದು ರೀಲ್’ ಎನ್ನುವ ಕುತೂಹಲ ಬೆಳಕಿಗಿಂತ ದೊಡ್ಡ ಶತ್ರು.

ಸರಿಪಡಿಸಲು ಬೆಳಗಿನಿಂದ ಶುರು ಮಾಡಿ. ಏಳುವ ಹೊತ್ತು ಭಾನುವಾರವೂ ಒಂದೇ, ಹೆಚ್ಚೆಂದರೆ ಒಂದು ಗಂಟೆ ಆಚೀಚೆ. ಎದ್ದ ಅರ್ಧ ಗಂಟೆಯೊಳಗೆ ಹೊರಗಿನ ಬೆಳಕಿಗೆ ಬರಬೇಕು. ಮಲಗುವ ಹೊತ್ತನ್ನು ಎರಡು–ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ; ಹನ್ನೆರಡರಿಂದ ಒಂದೇ ಸಲ ಹತ್ತಕ್ಕೆ ತಂದರೆ ಮಗು ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿರುತ್ತದೆ, ಆಮೇಲೆ ಫೋನಿಗೆ ಕೈ ಹೋಗುತ್ತದೆ. ಸಂಜೆ ಐದರ ಮೇಲೆ ಚಹಾ, ಕಾಫಿ ಇಲ್ಲ. ಮಲಗುವ ಒಂದು ಗಂಟೆ ಮೊದಲು ಮನೆಯವರ ಎಲ್ಲ ಫೋನುಗಳೂ ನಡುಮನೆಯಲ್ಲಿ ಚಾರ್ಜಿಗೆ. ‘ಅಲಾರಂಗೆ ಬೇಕು’ ಎನ್ನುವ ನೆಪಕ್ಕೆ ಮುಳ್ಳಿನ ಗಡಿಯಾರ ತಂದಿಡಿ.

ಕತ್ತು ನೋವು ಅಂತಾಳೆ, ಇನ್ನೂ ಹದಿಮೂರು ವರ್ಷ.

ತಲೆ ಬಗ್ಗಿದಷ್ಟೂ ಕತ್ತಿನ ಹಿಂಭಾಗದ ಸ್ನಾಯು ಅದನ್ನು ಎಳೆದು ಹಿಡಿಯಬೇಕು. ಫೋನನ್ನು ಎದೆ ಮಟ್ಟಕ್ಕೆ ಎತ್ತಲಿ, ಮೊಣಕೈಗೆ ದಿಂಬು ಇರಲಿ. ಗೋಡೆಗೆ ಬೆನ್ನು ತಾಗಿಸಿ ನಿಂತು ಗದ್ದವನ್ನು ನೇರ ಹಿಂದಕ್ಕೆ ತಳ್ಳಿ 5 ಸೆಕೆಂಡ್ ಹಿಡಿಯುವುದು ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಕೈ ಜೋಮು ಹಿಡಿದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಜ್ವರ ಇದ್ದರೆ ವೈದ್ಯರಲ್ಲಿಗೆ.

ದಪ್ಪ ಆಗ್ತಿದ್ದಾಳೆ. ದಿನಾ ವಾಕಿಂಗ್ ಕರ್ಕೊಂಡು ಹೋದ್ರೆ ಇಳಿತದಾ?

ನಡಿಗೆಯೊಂದರಿಂದ ಇಳಿಯುವುದು ಕಷ್ಟ. ನಲವತ್ತು ಕಿಲೋ ತೂಕದ ಮಗು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 70–80 ಕ್ಯಾಲರಿ. ಮೂವತ್ತು ಗ್ರಾಮಿನ ಒಂದು ಚಿಪ್ಸ್ ಪೊಟ್ಟಣದಲ್ಲಿ 160ರ ಆಸುಪಾಸು. ಟಿವಿ ಮುಂದೆ ಅದು ಹತ್ತು ನಿಮಿಷಕ್ಕೆ ಖಾಲಿ. ಮೊದಲ ಕೆಲಸ: ಸ್ಕ್ರೀನಿನ ಮುಂದೆ ತಿನ್ನುವುದನ್ನು ನಿಲ್ಲಿಸುವುದು. ಎರಡನೆಯದು: ಬಾಟಲಿಯ ಸಿಹಿ ಪಾನೀಯದ ಬದಲು ಮಜ್ಜಿಗೆ, ತಂಬುಳಿ, ನೀರು.

ದಪ್ಪ ಹೌದೋ ಅಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳಬೇಡಿ. ಮಕ್ಕಳ ಬಿಎಂಐಯನ್ನು (ಎತ್ತರಕ್ಕೆ ತೂಕ ಎಷ್ಟು ಎನ್ನುವ ಅಳತೆ) ವಯಸ್ಸು–ಲಿಂಗದ ಚಾರ್ಟಿನಲ್ಲೇ ನೋಡಬೇಕು, ದೊಡ್ಡವರ ಸಂಖ್ಯೆ ಸಲ್ಲದು. ಮನೆಯಲ್ಲಿ ಒಂದು ಸುಳಿವು: ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧ ಮೀರಬಾರದು, 150 ಸೆಂಟಿಮೀಟರ್ ಎತ್ತರಕ್ಕೆ 75. ಕತ್ತಿನ ಹಿಂದೆ ಉಜ್ಜಿದರೂ ಹೋಗದ ಮಖಮಲ್ಲಿನಂಥ ಕಪ್ಪು ಕಂಡರೆ ಅದು ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವುದರ ಗುರುತಾಗಿರಬಹುದು, ರಕ್ತ ಪರೀಕ್ಷೆ ಮಾಡಿಸಿ. ಬೆಳೆಯುವ ಮಗುವಿಗೆ ಉಪವಾಸ ಬೇಡ. ಎತ್ತರ ಏರುತ್ತಿರುವಾಗ ತೂಕ ಅಲ್ಲೇ ನಿಂತರೂ ಅದು ಗೆಲುವೇ. ‘ಡುಮ್ಮಿ’ ಎಂದು ಕರೆಯುವ ಮಾವಂದಿರ ಬಾಯಿ ಮುಚ್ಚಿಸುವ ಕೆಲಸವೂ ನಿಮ್ಮದೇ.

ಹದಿಹರೆಯ

ದೊಡ್ಡವಳಾದ ಮೇಲೆ ಮಗಳು ಆಟ ಬಿಟ್ಟಳು. ಮುಟ್ಟಿನ ದಿನ ಓಡಬಹುದಾ?

ಓಡಬಹುದು, ಹೊಟ್ಟೆನೋವು ಹಲವರಿಗೆ ಅದರಿಂದಲೇ ಕಡಿಮೆಯಾಗುತ್ತದೆ. ಹುಡುಗಿಯರು ಆಟ ಬಿಡುವುದು ದೇಹ ಒಪ್ಪದೆ ಅಲ್ಲ. ಕಲೆಯಾದೀತೆಂಬ ಭಯ, ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲದ್ದು, ಮೈದಾನದ ಕಟ್ಟೆಯ ಮೇಲೆ ಕೂತು ನೋಡುವವರು. ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟು, 4–6 ಗಂಟೆಗೊಮ್ಮೆ ಪ್ಯಾಡ್ ಬದಲಿಸಲು ಜಾಗ, ಜೊತೆಗೆ ನಾಲ್ಕು ಗೆಳತಿಯರು, ಇಷ್ಟಿದ್ದರೆ ಬಹಳ ಮಂದಿ ಮರಳುತ್ತಾರೆ. ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಿದ್ದರೆ, ಏಳು ದಿನ ಮೀರಿದರೆ ವೈದ್ಯರಿಗೆ ತೋರಿಸಿ. ಮೆಟ್ಟಿಲು ಹತ್ತಿದರೇ ಸುಸ್ತು ಎಂದರೆ ಹಿಮೋಗ್ಲೋಬಿನ್ ನೋಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರು ಬಹಳ. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ.

ಎಸ್ಸೆಸ್ಸೆಲ್ಸಿ ವರ್ಷ. ಆಟ ಬಿಡಿಸಿದ್ದೇವೆ. ಸರಿ ತಾನೆ?

ಸರಿಯಲ್ಲ. ಬಿಡಿಸಿದ ಆಟದ ಹೊತ್ತು ಓದಿಗೆ ಹೋಗುವುದಿಲ್ಲ, ಫೋನಿಗೆ ಹೋಗುತ್ತದೆ. ಐವತ್ತು ನಿಮಿಷ ಓದು, ಹತ್ತು ನಿಮಿಷ ಎದ್ದು ಓಡಾಟ (ಈ ಹತ್ತು ನಿಮಿಷದಲ್ಲಿ ಫೋನ್ ಇಲ್ಲ), ಸಂಜೆ ಅರ್ಧ ಗಂಟೆ ಶಟಲ್ಲೋ ಸೈಕಲ್ಲೋ. ಪರೀಕ್ಷೆಯ ವಾರವೂ 8 ಗಂಟೆ ನಿದ್ದೆ.

ಹದಿನೈದು ವರ್ಷ, ಜಿಮ್‌ಗೆ ಹೋಗ್ತೇನೆ ಅಂತಾನೆ. ಎತ್ತರ ನಿಂತುಹೋಗ್ತದಂತೆ?

ಕ್ರಮವಾಗಿ, ಹೇಳಿಕೊಡುವವರ ಕಣ್ಣೆದುರು ಮಾಡಿದರೆ ಎತ್ತರ ನಿಲ್ಲುವುದಿಲ್ಲ. ಮೊದಲ ಎರಡು ತಿಂಗಳು ಬಸ್ಕಿ, ದಂಡ, ಜೋತು ಬೀಳುವುದು, ಅಂದರೆ ತನ್ನ ಮೈತೂಕವೇ ಸಾಕು. ಆಮೇಲೆ 10–15 ಸಲ ಅಂದವಾಗಿ ಎತ್ತಲಾಗುವಷ್ಟೇ ಭಾರ, ವಾರಕ್ಕೆ ಎರಡು–ಮೂರು ದಿನ, ನಡುವೆ ಒಂದು ದಿನ ಬಿಡುವು. ಪೆಟ್ಟಾಗುವುದು ‘ಒಂದೇ ಸಲ ಎಷ್ಟು ಎತ್ತುತ್ತೀಯ ನೋಡೋಣ’ ಎನ್ನುವ ಪಂದ್ಯದಲ್ಲಿ. ಪ್ರೋಟೀನ್ ಪುಡಿ ಬೇಡ. ಐವತ್ತು ಕಿಲೋದ ಹುಡುಗನಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಎರಡು ಮೊಟ್ಟೆಯಲ್ಲಿ 12, ಎರಡು ಲೋಟ ಹಾಲಿನಲ್ಲಿ 13, ಉಳಿದದ್ದು ಬೇಳೆ, ಕಾಳು, ಮೀನು, ಅನ್ನ–ರೊಟ್ಟಿಯಲ್ಲೇ ಬರುತ್ತದೆ.

ಕಷ್ಟದ ಪ್ರಶ್ನೆಗಳು

ಫೋನಿಗೆ ಟೈಮ್ ಲಾಕ್ ಹಾಕಿದ್ವಿ. ಎರಡೇ ದಿನಕ್ಕೆ ತೆಗೆದುಬಿಟ್ಟ.

ಬಹುಶಃ ನೀವು ಹಾಕಿದ್ದು ಆಂಡ್ರಾಯ್ಡ್ ಫೋನಿನಲ್ಲೇ ಇರುವ ಡಿಜಿಟಲ್ ವೆಲ್‌ಬೀಯಿಂಗ್ ಟೈಮರ್. ಅದನ್ನು ಫೋನ್ ಹಿಡಿದವರೇ ತೆಗೆಯಬಹುದು. ಗೂಗಲ್‌ನ ಫ್ಯಾಮಿಲಿ ಲಿಂಕ್ ಬಳಸಿ: ಮಗುವಿನ ಹೆಸರಲ್ಲಿ ಅದರ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಖಾತೆ ಮಾಡಿ, ನಿಮ್ಮ ಫೋನಿನಿಂದ ದಿನದ ಮಿತಿ, ರಾತ್ರಿ ಮುಚ್ಚುವ ಹೊತ್ತು, ಹೊಸ ಆ್ಯಪಿಗೆ ನಿಮ್ಮ ಒಪ್ಪಿಗೆ, ಈ ಮೂರನ್ನು ಹೊಂದಿಸಿ. ಯೂಟ್ಯೂಬ್‌ನಲ್ಲಿ ಆಟೊಪ್ಲೇ ಆಫ್ ಮಾಡಿ, ನೋಟಿಫಿಕೇಶನ್ ನಿಲ್ಲಿಸಿ.

ಮಕ್ಕಳು ನುಸುಳುವ ಸಂದಿಗಳೂ ಗೊತ್ತಿರಲಿ: ನಿಮ್ಮ ಪಿನ್ ನೋಡಿಟ್ಟುಕೊಳ್ಳುವುದು, ಯೂಟ್ಯೂಬ್ ಆ್ಯಪಿಗೆ ಮಿತಿ ಇದ್ದರೆ ಬ್ರೌಸರಿನಲ್ಲಿ ತೆರೆಯುವುದು, ಎಲ್ಲಕ್ಕಿಂತ ಸುಲಭವಾಗಿ ಅಜ್ಜನ ಫೋನ್ ಕೇಳುವುದು. ಲಾಕ್ ಎನ್ನುವುದು ಬೇಲಿ ಇದ್ದಂತೆ. ದನ ತಡೆಯುತ್ತದೆ, ಕೋತಿಯನ್ನಲ್ಲ. ಹದಿಮೂರು ದಾಟಿದವರ ಜೊತೆ ಕೂತು ನಿಯಮ ಬರೆಯಿರಿ, ಊಟದ ಹೊತ್ತಿಗೆ ಮತ್ತು ರಾತ್ರಿಗೆ ಅದು ಅಪ್ಪ–ಅಮ್ಮನಿಗೂ ಅನ್ವಯಿಸಲಿ.

ಕಸಿದುಕೊಂಡ್ರೆ ಹೊಡೆಯೋಕೇ ಬರ್ತಾನೆ. ಇದು ಅಡಿಕ್ಷನ್ನಾ?

ಸಿಟ್ಟು ಬಂದದ್ದೆಲ್ಲ ಚಟ ಅಲ್ಲ; ಆಟದ ನಡುವೆ ಕಸಿದರೆ ಯಾರಿಗೂ ಸಿಟ್ಟು ಬರುತ್ತದೆ. ‘ಈ ಮ್ಯಾಚ್ ಮುಗಿದ ಮೇಲೆ ಕೊಡು’ ಎಂದರೆ ಅರ್ಧ ಜಗಳ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇದೆ, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಲಕ್ಷಣ ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದ್ದರೂ ನಿಲ್ಲಿಸದಿರುವುದು. ಓದು, ಮನೆ, ಗೆಳೆತನ ಹಾಳಾಗಿ, ಸಾಮಾನ್ಯವಾಗಿ 12 ತಿಂಗಳು ಹೀಗೆ ನಡೆದಿರಬೇಕು. ತೀವ್ರವಾಗಿದ್ದರೆ ಅಷ್ಟು ಕಾಯುವುದಿಲ್ಲ. ಅನೇಕ ಸಲ ಒಳಗೆ ಬೇರೇನೋ ಇರುತ್ತದೆ: ಶಾಲೆಯಲ್ಲಿ ಕಾಡುವವರು, ಖಿನ್ನತೆ, ಓದಲು ಬಾರದ ತೊಂದರೆ. ಫೋನು ಅದನ್ನು ಮುಚ್ಚಿಡುವ ಕಂಬಳಿ.

ಏಕಾಏಕಿ ಫೋನು ಒಡೆದುಹಾಕಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ 2014ರಿಂದ ಇದೆ. ಅದಕ್ಕೆ ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ‘ಸಾಯ್ತೇನೆ’ ಎಂದರೆ ಅದನ್ನು ನಾಟಕ ಎನ್ನಬೇಡಿ, ಒಬ್ಬನನ್ನೇ ಬಿಡಬೇಡಿ, ಅದೇ ದಿನ ಕರೆದೊಯ್ಯಿರಿ. ಆಟಕ್ಕೆಂದು ಖಾತೆಯಿಂದ ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ. ಮೋಸ ಎನಿಸಿದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಿಲ್ಲ. ನಲವತ್ತು ನಿಮಿಷ, ಮೂವತ್ತೆರಡು ಮಕ್ಕಳು, ಒಂದು ಚೆಂಡು. ನಾನೇನು ಮಾಡ್ಲಿ?

ಒಂದು ಚೆಂಡು ಕೊಟ್ಟು ಬಿಟ್ಟರೆ ಹತ್ತು ಮಂದಿ ಆಡುತ್ತಾರೆ, ಇಪ್ಪತ್ತೆರಡು ಮಂದಿ ನಿಲ್ಲುತ್ತಾರೆ. ಎಂಟೆಂಟು ಮಕ್ಕಳ ನಾಲ್ಕು ಗುಂಪು ಮಾಡಿ, ನಾಲ್ಕು ಮೂಲೆಗೆ ನಾಲ್ಕು ಕೆಲಸ: ಹಗ್ಗದಾಟ, ಲಗೋರಿ, ಇಬ್ಬಿಬ್ಬರ ಅಟ್ಟಾಟ, ಗೆರೆಯಿಂದ ಗೆರೆಗೆ ಕಲ್ಲು ತಂದಿಡುವ ಓಟ. ಮೊದಲ ಐದು ನಿಮಿಷ ಎಲ್ಲರಿಗೂ ನಿಧಾನ ಓಟ, ಪ್ರತಿ ಮೂಲೆಯಲ್ಲಿ ಏಳು ನಿಮಿಷ, ಬದಲಾಗಲು ಒಂದು ನಿಮಿಷ, ಕೊನೆಗೆ ನಾಲ್ಕು ನಿಮಿಷ ಮೈ ಸಡಿಲಿಸುವುದು. ನಲವತ್ತು ಮುಗಿಯಿತು. ಮಳೆ ಬಂದರೆ ಲಗೋರಿಯ ಬದಲು ಬಸ್ಕಿ, ಓಟದ ಬದಲು ವರಾಂಡದಲ್ಲಿ ಕುಂಟಾಟ.

‘ಔಟ್’ ಆದವರು ಹೊರಗೆ ಕೂರುವ ಆಟಗಳನ್ನು ತಿದ್ದಿಕೊಳ್ಳಿ. ಮೊದಲು ಔಟಾಗುವುದು ಓಡಲು ಬಾರದ ಮಗು, ಓಟ ಹೆಚ್ಚು ಬೇಕಾದದ್ದೂ ಅದಕ್ಕೇ. ಔಟಾದವರು ಹತ್ತು ಸಲ ಜಿಗಿದು ವಾಪಸ್ ಬರಲಿ. ಗುಂಪು ಆರಿಸುವ ಕೆಲಸವನ್ನು ಮಕ್ಕಳಿಗೆ ಬಿಡಬೇಡಿ. ಕೊನೆಗೆ ಉಳಿಯುವ ಮಗು ಮುಂದಿನ ವಾರದಿಂದ ಹೊಟ್ಟೆನೋವು ಎನ್ನುತ್ತದೆ. ನಡೆಯುತ್ತಿದೆಯೇ ಎಂದು ಅಳೆಯಲು ಮೂವರನ್ನು ಗುರುತಿಟ್ಟುಕೊಳ್ಳಿ: ಚುರುಕಿನವರೊಬ್ಬರು, ನಡುವಿನವರೊಬ್ಬರು, ಹಿಂದೆ ಸರಿಯುವವರೊಬ್ಬರು. ಮೂವರಲ್ಲಿ ಯಾರಾದರೂ ನಲವತ್ತು ನಿಮಿಷದಲ್ಲಿ ಇಪ್ಪತ್ತು ನಿಮಿಷವೂ ಮೈ ಆಡಿಸಿಲ್ಲ ಎಂದರೆ ಆ ಮೂಲೆಯ ಆಟವನ್ನು ಬದಲಿಸಿ ನೋಡಿ.